ಬ್ರಿಟನ್ನಿನ ಸಂಗಾತಿ ವೀಸಾ: ರಾಣೆಬೆನ್ನೂರಿನಿಂದ ಲೆಸ್ಟರ್‌ವರೆಗೆ ನಮ್ಮ ಅನುಭವ

ನನ್ನ ಪತಿ ಕೊನೆಗೂ ಲೆಸ್ಟರ್‌ಗೆ ಬಂದು ಸೇರಿದ್ದಾರೆ. ಮದುವೆಯಾದ ದಿನದಿಂದ ಅವರು ಇಲ್ಲಿನ ವಿಮಾನ ನಿಲ್ದಾಣದಿಂದ ಹೊರಬರುವವರೆಗಿನ ಅವಧಿಯಲ್ಲಿ ನಾವು ಯಾವ ಕಾಗದವನ್ನು ಯಾವಾಗ ಹೊಂದಿಸಿದೆವು, ಎಲ್ಲಿ ಸಿಕ್ಕಿಹಾಕಿಕೊಂಡೆವು, ಎಷ್ಟು ಹಣ ಹೋಯಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇಲ್ಲಿರುವ ನಿಯಮಗಳೂ ಮೊತ್ತಗಳೂ ನಾವು 2025ರಲ್ಲಿ ಅರ್ಜಿ ಹಾಕಿದಾಗ ಜಾರಿಯಲ್ಲಿದ್ದಂಥವು. ಬ್ರಿಟನ್ ಸರ್ಕಾರ ವೀಸಾ ಶುಲ್ಕವನ್ನು ಮೇಲಿಂದ ಮೇಲೆ ಪರಿಷ್ಕರಿಸುವುದರಿಂದ, ಹಣ ಕಟ್ಟುವ ಮುನ್ನ ಸರ್ಕಾರದ ಅಧಿಕೃತ ಜಾಲತಾಣವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಮೊದಲು ತಿಳಿಯಬೇಕಾದದ್ದು ನಿಮಗೆ ಅನ್ವಯಿಸುವ ದಾರಿ ಯಾವುದು ಎಂಬುದು. ನಾನು ನರ್ಸ್. ಕೆಲಸದ ವೀಸಾದ ಮೇಲೆ ಇಲ್ಲಿಗೆ ಬಂದು, ಐದು ವರ್ಷ ಪೂರೈಸಿ, ಕಾಯಂ ವಾಸದ ಅನುಮತಿಯಾದ ಐಎಲ್‌ಆರ್ ಪಡೆದ ಮೇಲೆ ನನ್ನ ಮದುವೆ ನಿಶ್ಚಯವಾಯಿತು. ಕೆಲಸದ ವೀಸಾದಲ್ಲಿರುವಾಗಲೇ ಮದುವೆಯಾಗುವ ನರ್ಸ್‌ಗಳ ಸಂಗಾತಿ ಅವಲಂಬಿತ ವೀಸಾದಲ್ಲಿ ಬರಬಹುದು. ಅದಕ್ಕೆ ಇಂಗ್ಲಿಷ್ ಪರೀಕ್ಷೆಯಿಲ್ಲ, ಸಂಗಾತಿ ವೀಸಾದ ಕನಿಷ್ಠ ಆದಾಯದ ಗೆರೆಯಿಲ್ಲ, ಆರೋಗ್ಯ ಕ್ಷೇತ್ರದ ವೀಸಾದವರ ಕುಟುಂಬಕ್ಕೆ ಆರೋಗ್ಯ ಸರ್‌ಚಾರ್ಜ್, ಅಂದರೆ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾದ ಜೊತೆ ಕಟ್ಟುವ ಹಣ ಕೂಡ ಇಲ್ಲ. ಐಎಲ್‌ಆರ್ ಅಥವಾ ಬ್ರಿಟಿಷ್ ಪೌರತ್ವ ಸಿಕ್ಕ ನಂತರ ಆ ಬಾಗಿಲು ಮುಚ್ಚಿ, ಕುಟುಂಬ ವಲಸೆಯ ನಿಯಮಗಳ ಅಡಿಯ ಸಂಗಾತಿ ವೀಸಾ ಒಂದೇ ಉಳಿಯುತ್ತದೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುವವರಿಗೂ ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ನನ್ನ ಜೊತೆ ಕೆಲಸ ಮಾಡುವ ಹಲವರಿಗೆ ಈ ವ್ಯತ್ಯಾಸ ಇಂದಿಗೂ ಗೊತ್ತಿಲ್ಲ. ಇನ್ನೊಂದು ಮಾತು: ವೃದ್ಧರ, ಅಶಕ್ತರ ಆರೈಕೆ ಮಾಡುವ ಕೇರ್ ವರ್ಕರ್ ಹುದ್ದೆಗೆ 2024ರ ಮಾರ್ಚ್ 11ರ ನಂತರ ಹೊಸದಾಗಿ ಬಂದವರು ಕುಟುಂಬವನ್ನು ಕರೆತರುವಂತಿಲ್ಲ. ನರ್ಸ್‌ಗಳಿಗೆ ಆ ನಿರ್ಬಂಧವಿಲ್ಲ.

ನಮ್ಮ ಮದುವೆ 2024ರ ಕಾರ್ತಿಕ ಮಾಸದಲ್ಲಿ ರಾಣೆಬೆನ್ನೂರಿನಲ್ಲಿ ನಡೆಯಿತು. ನನಗೆ ಸಿಕ್ಕಿದ್ದ ರಜೆ ಬಹಳ ಕಡಿಮೆ. ಆ ರಜೆ ಮುಗಿಯುವುದರೊಳಗೆ ಮದುವೆಯ ನೋಂದಣಿ ಆಗಲೇಬೇಕಿತ್ತು, ಏಕೆಂದರೆ ಉಪನೋಂದಣಾಧಿಕಾರಿಯ ಕಚೇರಿಗೆ ಗಂಡ ಹೆಂಡತಿ ಇಬ್ಬರೂ ಸಾಕ್ಷಿಗಳೊಂದಿಗೆ ಹೋಗಬೇಕು. ಕರ್ನಾಟಕದಲ್ಲಿ ಈಗ ನೋಂದಣಿ ಇಲಾಖೆಯ ಕಾವೇರಿ 2.0 ಎಂಬ ಆನ್‌ಲೈನ್ ತಂತ್ರಾಂಶದ ಮೂಲಕ ಅರ್ಜಿಯನ್ನು ಮೊದಲೇ ತುಂಬಿಡಬಹುದು. ಮದುವೆಗೆ ಮುಂಚೆಯೇ ಯಾವ ಯಾವ ದಾಖಲೆ ಬೇಕು ಎಂದು ವಿಚಾರಿಸಿಟ್ಟಿದ್ದರಿಂದ ನಮಗೆ ಅನುಕೂಲವಾಯಿತು.

ಆದರೆ ಹೆಸರಿನ ವಿಷಯದಲ್ಲಿ ನಾವು ನಿರೀಕ್ಷಿಸದ ತೊಡಕು ಎದುರಾಯಿತು. ನಮ್ಮ ಕಡೆ ಹೆಸರಿನ ಜೊತೆ ಊರು, ತಂದೆ, ಮನೆತನ ಎಲ್ಲವೂ ಸೇರುತ್ತವೆ, ಮತ್ತು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಸೇರುತ್ತವೆ. ನನ್ನ ಪತಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದೆ, ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ಣವಾಗಿದೆ, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು ಉಪನಾಮವಾಗಿ ಬಂದಿದೆ. ಕಚೇರಿಯಲ್ಲಿ ಆಧಾರ್ ನೋಡಿಯೇ ಹೆಸರು ಬರೆದುಕೊಳ್ಳಲು ಹೊರಟಿದ್ದರು. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಹೊಂದುವಂತೆ ಬರೆಯಿರಿ ಎಂದು ನಾವು ಪಟ್ಟು ಹಿಡಿದೆವು. ಅಲ್ಲಿನ ಗುಮಾಸ್ತರು ಕೊನೆಗೆ ಒಪ್ಪಿ, ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ತರಲು ಹೇಳಿದರು. ಅದನ್ನು ನೋಟರಿಯಿಂದ ಮಾಡಿಸಿ ತಂದೆವು, ಮುಂದೆ ವೀಸಾ ಅರ್ಜಿಗೂ ಅದನ್ನೇ ಲಗತ್ತಿಸಿದೆವು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಹೆಸರು ತಿದ್ದಿಸುವುದಕ್ಕಿಂತ ಅಚ್ಚಾಗುವ ಮುನ್ನ ಕರಡು ಓದುವುದು ಎಷ್ಟೋ ಸುಲಭ. ಮದುವೆಯ ಗದ್ದಲದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಹಿರಿಯರು ಕೇಳಿದರೂ ದಯವಿಟ್ಟು ಸಮಯ ಮಾಡಿಕೊಳ್ಳಿ.

ನಾನು ಒಬ್ಬಳೇ ಹಿಂದಿರುಗಿದೆ. ಆ ಪ್ರಯಾಣದ ಬಗ್ಗೆ ಹೆಚ್ಚು ಬರೆಯಲಾರೆ. ಅರಿಶಿನದ ಕೊಂಬು ಇನ್ನೂ ಕೊರಳಲ್ಲಿರುವಾಗಲೇ ರಾತ್ರಿ ಪಾಳಿಗೆ ಹಾಜರಾದೆ ಎಂದರೆ ಸಾಕು.

ಆದಾಯದ ನಿಯಮ ಈ ವೀಸಾದ ಬೆನ್ನೆಲುಬು. 2012ರಿಂದ ವರ್ಷಕ್ಕೆ 18,600 ಪೌಂಡ್ ಇದ್ದ ಕನಿಷ್ಠ ಆದಾಯದ ಗೆರೆಯನ್ನು 2024ರ ಏಪ್ರಿಲ್ 11ರಂದು 29,000 ಪೌಂಡ್‌ಗೆ ಏರಿಸಲಾಯಿತು. ನನ್ನ ಮೂಲ ವೇತನ ಆ ಗೆರೆಗಿಂತ ಸ್ವಲ್ಪವೇ ಮೇಲಿತ್ತು. ಭಾರತದಲ್ಲಿರುವ ಸಂಗಾತಿಯ ಅಲ್ಲಿನ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಪತಿ ತಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಚೆನ್ನಾಗಿಯೇ ದುಡಿಯುತ್ತಿದ್ದರು, ಆದರೂ ಅದನ್ನು ಎಲ್ಲಿಯೂ ತೋರಿಸುವಂತಿರಲಿಲ್ಲ. ಸಂಬಳವಿಲ್ಲದೆ ಉಳಿತಾಯದ ಮೇಲೆಯೇ ಅರ್ಜಿ ಹಾಕುವವರು 88,500 ಪೌಂಡ್ ತೋರಿಸಬೇಕು. ನಮ್ಮಂಥವರಿಗೆ ಅದು ಕನಸಿನ ಮಾತು.

ಸಂಬಳದ ಆಧಾರದಲ್ಲಿ ಅರ್ಜಿ ಹಾಕುವ ಸರಳ ವಿಧಾನಕ್ಕೆ ಒಂದೇ ಉದ್ಯೋಗದಾತರ ಬಳಿ ಕನಿಷ್ಠ ಆರು ತಿಂಗಳು ದುಡಿದಿರಬೇಕು. ಇದೇ ಸಮಯದಲ್ಲಿ ನನಗೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಮೇಲಿನ ದರ್ಜೆಯ ಹುದ್ದೆ ದೊರೆಯುವ ಅವಕಾಶ ಬಂದಿತ್ತು. ಅಲ್ಲಿಗೆ ಸೇರಿದರೆ ಆರು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು, ಇಲ್ಲವೇ ಹನ್ನೆರಡು ತಿಂಗಳ ಗಳಿಕೆಯನ್ನು ತೋರಿಸುವ ಜಟಿಲವಾದ ಇನ್ನೊಂದು ವಿಧಾನಕ್ಕೆ ಹೋಗಬೇಕಾಗುತ್ತಿತ್ತು. ನಾನು ಆ ಹುದ್ದೆಯನ್ನು ಬಿಟ್ಟುಕೊಟ್ಟೆ. ಇಂಥ ನಿರ್ಧಾರದ ನಷ್ಟವನ್ನು ಯಾವ ಶುಲ್ಕದ ಪಟ್ಟಿಯೂ ತೋರಿಸುವುದಿಲ್ಲ, ಆದರೆ ಈ ದಾರಿಯಲ್ಲಿ ನಡೆದ ಬಹಳಷ್ಟು ಮಂದಿ ಅದನ್ನು ಭರಿಸಿರುತ್ತಾರೆ.

ಮುಂದಿನದು ಇಬ್ಬರಿಗೂ ಇರಲು ಮನೆಯಿದೆ ಎಂದು ತೋರಿಸುವುದು. ನಾನು ಅಲ್ಲಿಯವರೆಗೆ ಇತರ ನರ್ಸ್‌ಗಳ ಜೊತೆ ಒಂದು ಮನೆಯಲ್ಲಿ ಹಂಚಿಕೊಂಡು ಇದ್ದೆ. ದಂಪತಿಗೆ ಪ್ರತ್ಯೇಕವಾದ ಮಲಗುವ ಕೋಣೆಯಿದ್ದು, ಮನೆಯಲ್ಲಿ ಕಾನೂನಿನ ಮಿತಿ ಮೀರಿದ ಜನರಿಲ್ಲದಿದ್ದರೆ ಹಂಚಿಕೊಂಡ ಮನೆಯನ್ನೂ ಒಪ್ಪುತ್ತಾರೆ. ನಮ್ಮ ಮನೆಯ ಮಾಲೀಕರು ಮಾತ್ರ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಒಪ್ಪಿಗೆ ಪತ್ರ ಕೊಡಲಿಲ್ಲ. ಹಾಗಾಗಿ ಒಂದು ಕೋಣೆಯ ಫ್ಲ್ಯಾಟ್ ಹಿಡಿದು, ಅವರು ಬರುವ ಎಷ್ಟೋ ತಿಂಗಳು ಮೊದಲೇ ಇಬ್ಬರ ಮನೆಯ ಬಾಡಿಗೆಯನ್ನು ಒಬ್ಬಳೇ ಕಟ್ಟತೊಡಗಿದೆ. ಬಾಡಿಗೆ ಕರಾರು, ಪತಿ ಇಲ್ಲಿ ವಾಸಿಸಲು ಅಭ್ಯಂತರವಿಲ್ಲ ಎಂಬ ಹೊಸ ಮಾಲೀಕರ ಪತ್ರ, ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆಯ ಬಿಲ್ಲು, ಈ ಮೂರನ್ನೂ ಕೊಟ್ಟೆವು.

ಅತ್ತ ರಾಣೆಬೆನ್ನೂರಿನಲ್ಲಿ ಅವರು ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದರು. ಮೊದಲ ಸಲದ ವೀಸಾಕ್ಕೆ ಬೇಕಾದದ್ದು ಎ1 ಎಂಬ ಪ್ರಾಥಮಿಕ ಹಂತ, ಅದರಲ್ಲೂ ಮಾತನಾಡುವುದು ಮತ್ತು ಕೇಳಿ ಅರ್ಥಮಾಡಿಕೊಳ್ಳುವುದು ಮಾತ್ರ. ನಮಗೆ ಬೇಕಿದ್ದ ಪರೀಕ್ಷೆ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್. ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ಹೊತ್ತು ನಡೆಯುವ ಇದರಲ್ಲಿ ಇನ್ನೊಬ್ಬ ಅಭ್ಯರ್ಥಿಯ ಜೊತೆ ಕೂರಿಸಿ ಮಾತನಾಡಿಸುತ್ತಾರೆ. ಸಾಮಾನ್ಯ ಐಇಎಲ್‌ಟಿಎಸ್‌ನಂತೆ ಅಂಕಗಳಿಲ್ಲ, ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ಬರುತ್ತದೆ. ವೀಸಾಕ್ಕೆಂದು ಅನುಮೋದನೆ ಪಡೆದ ಕೇಂದ್ರದಲ್ಲಿಯೇ ಬರೆಯಬೇಕು ಎಂಬುದನ್ನು ಮರೆಯಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿದ ಅವರಿಗೆ ಮೊದಲು ಅಳುಕಿತ್ತು. ನಾವು ರಾತ್ರಿಯ ಫೋನ್ ಮಾತಿನಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಇಂಗ್ಲಿಷ್‌ನಲ್ಲಿಯೇ ಮಾತಾಡತೊಡಗಿದೆವು, ಅಂಗಡಿಯ ವ್ಯಾಪಾರ, ಮಳೆ, ಊಟ, ಹೊಲ, ಇಂಥವೇ ವಿಷಯಗಳು. ಪರೀಕ್ಷೆ ಅದಕ್ಕಿಂತ ಕಠಿಣವಾಗಿರಲಿಲ್ಲ. ಫಲಿತಾಂಶ ಎರಡು ವರ್ಷ ಮಾನ್ಯವಾಗಿರುತ್ತದೆ, ಆದ್ದರಿಂದ ಇದನ್ನು ಎಲ್ಲಕ್ಕಿಂತ ಮೊದಲು ಮುಗಿಸಿಕೊಳ್ಳಬಹುದು.

ನಮ್ಮನ್ನು ನಿಜವಾಗಿ ಕಂಗೆಡಿಸಿದ್ದು ಕ್ಷಯರೋಗದ ತಪಾಸಣೆ. ಭಾರತದಿಂದ ಆರು ತಿಂಗಳಿಗಿಂತ ಹೆಚ್ಚಿನ ವೀಸಾಕ್ಕೆ ಅರ್ಜಿ ಹಾಕುವವರು ಬ್ರಿಟನ್ ಸರ್ಕಾರ ಅನುಮೋದಿಸಿದ ಚಿಕಿತ್ಸಾಲಯದಲ್ಲಿ ಎದೆಯ ಎಕ್ಸ್‌ರೇ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಬೇರೆ ಯಾವ ಆಸ್ಪತ್ರೆಯ ವರದಿಯೂ ನಡೆಯುವುದಿಲ್ಲ. ಹೆಚ್ಚಿನವರಿಗೆ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಿದು. ಬೆಂಗಳೂರಿಗೆ ಹೋಗಿ ಎಕ್ಸ್‌ರೇ ಮಾಡಿಸಿದ ನನ್ನ ಪತಿಗೆ, ಶ್ವಾಸಕೋಶದ ಮೇಲ್ಭಾಗದಲ್ಲಿ ಹಳೆಯ ಕಲೆಯಂತೆ ಏನೋ ಕಾಣುತ್ತಿದೆ, ಕಫದ ಪರೀಕ್ಷೆ ಆಗಬೇಕು ಎಂದರು. ಸತತ ಮೂರು ದಿನ ಬೆಳಗ್ಗೆ ಕಫದ ಮಾದರಿ ಕೊಡಬೇಕು. ಸೂಕ್ಷ್ಮದರ್ಶಕದ ವರದಿ ಬೇಗ ಬರುತ್ತದೆ, ಆದರೆ ಅಷ್ಟಕ್ಕೇ ಪ್ರಮಾಣಪತ್ರ ಸಿಗುವುದಿಲ್ಲ. ಮಾದರಿಯನ್ನು ಕಲ್ಚರ್‌ಗೆ ಇಟ್ಟು ರೋಗಾಣು ಬೆಳೆಯುತ್ತದೆಯೋ ಎಂದು ನೋಡಬೇಕು. ಕ್ಷಯದ ರೋಗಾಣು ಬಹಳ ನಿಧಾನವಾಗಿ ಬೆಳೆಯುವಂಥದ್ದಾದ್ದರಿಂದ ಇದಕ್ಕೆ ಸುಮಾರು ಎಂಟು ವಾರ ಹಿಡಿಯುತ್ತದೆ.

ನಾನು ನರ್ಸ್ ಆಗಿರುವುದರಿಂದ ಎಕ್ಸ್‌ರೇಯ ಕಲೆಗೆ ಹತ್ತಾರು ಕಾರಣಗಳಿರಬಹುದು, ಬಾಲ್ಯದ ಯಾವುದೋ ಸೋಂಕಿನ ಗುರುತೂ ಆಗಿರಬಹುದು ಎಂದು ನನಗೆ ಗೊತ್ತಿತ್ತು. ರಾಣೆಬೆನ್ನೂರಿನ ಮನೆಯಲ್ಲಿ ಅದು ಬೇರೆಯೇ ಸುದ್ದಿಯಾಯಿತು. ನಮ್ಮ ಅತ್ತೆ ಆ ರೋಗದ ಹೆಸರನ್ನು ಬಾಯಿಂದ ಹೇಳಲೂ ಹೆದರಿದರು, ಅಕ್ಕಪಕ್ಕದವರಿಗೆ ತಿಳಿಯಬಾರದೆಂದು ಬೆಂಗಳೂರಿಗೆ ಹೋಗುವ ಕಾರಣವನ್ನು ಬೇರೇನೋ ಹೇಳಿದರು, ಸೊಸೆ ತನ್ನ ಮಗನನ್ನು ಬಿಟ್ಟುಬಿಡುತ್ತಾಳೆಯೇ ಎಂದು ಒಂದು ದಿನ ನನ್ನ ತಾಯಿಯನ್ನೇ ಕೇಳಿದರಂತೆ. ನಾನು ವಿಡಿಯೊ ಕರೆ ಮಾಡಿ, ಕೆಮ್ಮಿಲ್ಲ, ಜ್ವರವಿಲ್ಲ, ತೂಕ ಇಳಿದಿಲ್ಲ, ಒಂದು ಪಕ್ಷ ರೋಗವಿದ್ದರೂ ಆರು ತಿಂಗಳ ಔಷಧಿಯಿಂದ ಪೂರ್ಣವಾಗಿ ಗುಣವಾಗುತ್ತದೆ, ಆಮೇಲೆ ವೀಸಾ ಪಡೆಯಲೂ ಅಡ್ಡಿಯಿಲ್ಲ ಎಂದು ಅವರಿಗೆ ಸಮಾಧಾನವಾಗಿ ವಿವರಿಸಿದೆ. ನನ್ನ ಪತಿ ಹೆಚ್ಚು ಮಾತಾಡಲಿಲ್ಲ. ಆ ವಾರಗಳಲ್ಲಿ ಅವರ ಮೌನವೇ ನನಗೆ ಹೆಚ್ಚು ಭಾರವಾಗಿತ್ತು. ಕಲ್ಚರ್ ವರದಿ ನೆಗೆಟಿವ್ ಬಂದಾಗ ಅವರು ಅಂಗಡಿಯಲ್ಲಿದ್ದರು, ಗಿರಾಕಿಗಳ ನಡುವೆಯೇ ಫೋನ್ ಮಾಡಿ ಒಂದೇ ಮಾತಿನಲ್ಲಿ ಹೇಳಿ ಇಟ್ಟರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ದಯವಿಟ್ಟು ಹೆದರಬೇಡಿ, ಮುಚ್ಚಿಡಲೂ ಬೇಡಿ. ಹಳೆಯ ಎಕ್ಸ್‌ರೇ ಅಥವಾ ಚಿಕಿತ್ಸೆಯ ದಾಖಲೆಗಳಿದ್ದರೆ ತಪಾಸಣೆಗೆ ಹೋಗುವಾಗಲೇ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಈ ವಿಳಂಬದಿಂದ ಇತ್ತ ನನ್ನ ಕಾಗದಗಳೆಲ್ಲ ಹಳತಾದವು. ನನ್ನ ಅನುಭವದಲ್ಲಿ ಈ ಅರ್ಜಿಯಲ್ಲಿ ದಾಖಲೆಗಳನ್ನು ಸಂಪಾದಿಸುವುದಕ್ಕಿಂತ ಅವುಗಳ ತಾರೀಖುಗಳನ್ನು ಹೊಂದಿಸುವುದೇ ದೊಡ್ಡ ಕೆಲಸ. ಇಂಗ್ಲಿಷ್ ಫಲಿತಾಂಶಕ್ಕೆ ಎರಡು ವರ್ಷ, ಕ್ಷಯದ ಪ್ರಮಾಣಪತ್ರಕ್ಕೆ ಆರು ತಿಂಗಳು, ಆದಾಯದ ದಾಖಲೆಗಳಿಗೆ ಮಾತ್ರ 28 ದಿನ. ಅರ್ಜಿ ಸಲ್ಲಿಸುವ ದಿನಕ್ಕೆ ನಿಮ್ಮ ಇತ್ತೀಚಿನ ಸಂಬಳದ ಚೀಟಿಯೂ ಬ್ಯಾಂಕ್ ವಿವರವೂ 28 ದಿನಗಳಿಗಿಂತ ಹಳೆಯದಾಗಿರಬಾರದು. ಆದ್ದರಿಂದ ದೀರ್ಘ ಆಯುಷ್ಯದ ದಾಖಲೆಯನ್ನು ಮೊದಲು ಮಾಡಿಸಿ, ಎಕ್ಸ್‌ರೇಯಲ್ಲಿ ತಡವಾಗಬಹುದು ಎಂದುಕೊಂಡೇ ಅದನ್ನು ಎರಡನೆಯದಾಗಿ ಇಟ್ಟುಕೊಂಡು, ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ ಆಫೀಸಿನ ಪತ್ರ ಮತ್ತು ಬ್ಯಾಂಕ್ ವಿವರ ಕೇಳಿ. ನಾನು ಆರು ತಿಂಗಳ ಚೀಟಿಗಳನ್ನೂ ಬ್ಯಾಂಕ್ ವಿವರಗಳನ್ನೂ ಹೊಸದಾಗಿ ತೆಗೆಸಿ, ಪ್ರತಿ ಚೀಟಿಯ ನಿವ್ವಳ ಮೊತ್ತ ಬ್ಯಾಂಕಿನಲ್ಲಿ ಜಮೆಯಾದ ಮೊತ್ತಕ್ಕೆ ಸರಿಹೊಂದುತ್ತದೆಯೇ ಎಂದು ಸಾಲು ಸಾಲಾಗಿ ನೋಡಿದೆ.

ಉದ್ಯೋಗದಾತರ ಪತ್ರಕ್ಕೂ ಓಡಾಡಬೇಕಾಯಿತು. ಸಿಬ್ಬಂದಿ ವಿಭಾಗದವರು ಮೊದಲು ಕೊಟ್ಟ ಪತ್ರದಲ್ಲಿ ನಾನು ಇಂಥ ದಿನದಿಂದ ಇಲ್ಲಿ ಕೆಲಸದಲ್ಲಿದ್ದೇನೆ ಎಂದಷ್ಟೇ ಇತ್ತು. ನಿಯಮದ ಪ್ರಕಾರ ಅದರಲ್ಲಿ ಹುದ್ದೆ ಕಾಯಂ ಹೌದೋ ಅಲ್ಲವೋ, ವಾರ್ಷಿಕ ಒಟ್ಟು ವೇತನ ಎಷ್ಟು, ಎಷ್ಟು ಕಾಲದಿಂದ ಕೆಲಸದಲ್ಲಿದ್ದಾರೆ, ಈಗಿನ ಮಟ್ಟದ ವೇತನ ಎಷ್ಟು ಕಾಲದಿಂದ ದೊರೆಯುತ್ತಿದೆ ಎಂಬ ನಾಲ್ಕೂ ಇರಬೇಕು. ನಾನು ಆ ವಾಕ್ಯಗಳನ್ನು ನಾನೇ ಬರೆದು ಕಳುಹಿಸಿ, ಜೊತೆಗೆ ಕೊಟ್ಟಿರುವ ಸಂಬಳದ ಚೀಟಿಗಳು ಅಸಲಿ ಎಂಬ ಸಾಲನ್ನೂ ಸೇರಿಸುವಂತೆ ಕೋರಿದೆ. ಎರಡನೆಯ ಪತ್ರ ಸರಿಯಾಗಿ ಬಂತು.

ಸಂಬಂಧದ ಪುರಾವೆಗೆಂದು ಮದುವೆಯ ಮತ್ತು ಅದಕ್ಕೂ ಹಿಂದಿನ ಆಯ್ದ ಚಿತ್ರಗಳು, ಕರೆಗಳ ದಾಖಲೆ, ತಿಂಗಳಿಗೊಂದರಂತೆ ವಾಟ್ಸಾಪ್ ಸಂಭಾಷಣೆಯ ಪುಟ, ನನ್ನ ವಿಮಾನದ ಟಿಕೆಟ್‌ಗಳು ಇವುಗಳನ್ನು ಇಟ್ಟೆವು. ನೂರಾರು ಪುಟ ತುಂಬಿಸುವ ಅಗತ್ಯವಿಲ್ಲ. ನಮ್ಮದು ಹಿರಿಯರು ನೋಡಿ ಮಾಡಿದ ಮದುವೆ, ಹಾಗಾಗಿ ಪರಿಚಯವಾದ ಬಗೆಯನ್ನೂ ನಿಶ್ಚಿತಾರ್ಥದ ದಿನವನ್ನೂ ವಿವರಿಸಿ ಇಬ್ಬರೂ ಒಂದೊಂದು ಪತ್ರ ಬರೆದೆವು. ಕನ್ನಡದಲ್ಲಿರುವ ಲಗ್ನಪತ್ರಿಕೆಗೆ ಇಂಗ್ಲಿಷ್ ಅನುವಾದ ಮಾಡಿಸಿದೆವು. ಅನುವಾದದ ಮೇಲೆ ಅದು ನಿಖರವಾಗಿದೆ ಎಂಬ ಹೇಳಿಕೆ, ತಾರೀಖು, ಅನುವಾದಕರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ ಇರಲೇಬೇಕು.

ಹಾವೇರಿ ಜಿಲ್ಲೆಯ ಒಬ್ಬ ಏಜೆಂಟರು ವೀಸಾ ಗ್ಯಾರಂಟಿ ಎಂದು ಹೇಳಿ ದೊಡ್ಡ ಮೊತ್ತ ಕೇಳಿದ್ದರು. ವೀಸಾ ಕೊಡುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ನೇರವಾದ ಪ್ರಕರಣವನ್ನು ದಂಪತಿ ತಾವೇ ನಿಭಾಯಿಸಬಹುದು. ಹಿಂದೆ ವೀಸಾ ನಿರಾಕರಣೆಯಾಗಿದ್ದರೆ, ಸ್ವಂತ ಉದ್ಯಮದ ಆದಾಯವಿದ್ದರೆ ಸಲಹೆ ಪಡೆಯುವುದು ಒಳ್ಳೆಯದು. ಆಗ ಬ್ರಿಟನ್ನಿನ ಸಾಲಿಸಿಟರ್ (ವಕೀಲರು) ಅಥವಾ ವಲಸೆ ಸಲಹೆಗಾರರನ್ನು ನಿಯಂತ್ರಿಸುವ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿಯಲ್ಲಿ ನೋಂದಾಯಿತರಾದ ಸಲಹೆಗಾರರ ಬಳಿಗೇ ಹೋಗಿ.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ ಹಣ ಕಟ್ಟಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೀಸಾ ಶುಲ್ಕ ಆಗ 1,938 ಪೌಂಡ್ ಇತ್ತು. ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡ್ ಇತ್ತು. ವೀಸಾ ಇರುವುದು 33 ತಿಂಗಳಿಗಾದರೂ ಸರ್‌ಚಾರ್ಜ್ ಮೂರು ವರ್ಷದ್ದು, ಅಂದರೆ 3,105 ಪೌಂಡ್. ಎರಡೂ ಸೇರಿ 5,043 ಪೌಂಡ್, ನಮ್ಮ ರೂಪಾಯಿಯಲ್ಲಿ ಆರು ಲಕ್ಷದ ಸಮೀಪ, ಒಂದೇ ಸಲಕ್ಕೆ ಕಟ್ಟಬೇಕು. ಕಂತಿನ ಸೌಲಭ್ಯವಿಲ್ಲ. ಅರ್ಜಿ ತಿರಸ್ಕೃತವಾದರೆ ಸರ್‌ಚಾರ್ಜ್ ಮರಳಿ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಪರೀಕ್ಷೆ, ತಪಾಸಣೆ, ಅನುವಾದ, ಪ್ರಯಾಣ ಇವೆಲ್ಲ ಬೇರೆ. ಪ್ರತಿ ವಾರ್ಡಿನ ಸುತ್ತಿನಲ್ಲೂ ಎನ್‌ಎಚ್‌ಎಸ್‌ಗಾಗಿ ದುಡಿಯುವ ನಾನು, ನನ್ನ ತೆರಿಗೆಯ ಜೊತೆಗೆ ಪತಿಯ ಹೆಸರಿನಲ್ಲಿ ಅದೇ ವ್ಯವಸ್ಥೆಗೆ ಮತ್ತೆ ಇಷ್ಟು ಹಣ ಕಟ್ಟಬೇಕಾದದ್ದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ.

ಬೆರಳಚ್ಚು ಮತ್ತು ಭಾವಚಿತ್ರ ಕೊಡಲು ಅವರು ರಾತ್ರಿಯ ರೈಲಿನಲ್ಲಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋದರು. ದಾಖಲೆಗಳನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ, ಆದಾಯ, ಮನೆ, ಸಂಬಂಧ, ಗುರುತು ಎಂದು ವಿಂಗಡಿಸಿ ಮೊದಲೇ ಅಪ್‌ಲೋಡ್ ಮಾಡಿದ್ದರಿಂದ ಕೇಂದ್ರದಲ್ಲಿ ಸ್ಕ್ಯಾನಿಂಗ್‌ಗೆ ಹಣ ತೆರಬೇಕಾಗಲಿಲ್ಲ. ಅಲ್ಲಿ ಮುಂದಿಡುವ ಹೆಚ್ಚುವರಿ ಸೇವೆಗಳು ಕಡ್ಡಾಯವಲ್ಲ. ಪಾಸ್‌ಪೋರ್ಟ್ ಅಲ್ಲಿಯೇ ಉಳಿಯಿತು.

ಆಮೇಲಿನದು ಬರೀ ಕಾಯುವಿಕೆ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ 12 ವಾರಗಳೊಳಗೆ ತೀರ್ಮಾನ ಎನ್ನುತ್ತಾರೆ, ನಮಗೆ ಅದರ ಬಹುಪಾಲು ಬೇಕಾಯಿತು. ನಡುವೆ ಯಾವ ಸುದ್ದಿಯೂ ಇರುವುದಿಲ್ಲ. ಹಣ ಕೊಟ್ಟು ವಿಚಾರಿಸಬಹುದಾದ ಸಹಾಯವಾಣಿಯೂ ಅರ್ಜಿ ಪರಿಶೀಲನೆಯಲ್ಲಿದೆ ಎಂಬುದಕ್ಕಿಂತ ಹೆಚ್ಚು ಹೇಳಲಿಲ್ಲ. ಶ್ರಾವಣ ಬಂತು, ನಾಗರಪಂಚಮಿ, ವರಮಹಾಲಕ್ಷ್ಮಿ, ಗೌರಿ ಗಣೇಶ ಎಲ್ಲವೂ ಫೋನಿನ ಪರದೆಯ ಮೇಲೆಯೇ ಆದವು. ಮದುವೆಯಾದ ಮೊದಲ ಶ್ರಾವಣದಲ್ಲಿ ಹೊಸ ಸೊಸೆ ಎಲ್ಲಿ ಎಂದು ಬಂದವರೆಲ್ಲ ಅತ್ತೆಯನ್ನು ಕೇಳುತ್ತಿದ್ದರಂತೆ. ರಾತ್ರಿ ಪಾಳಿಯ ನಡುವೆ ಮಿಂಚಂಚೆ ತೆರೆದು ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು. ಒಂದು ಪಕ್ಷ ನಿರಾಕರಣೆಯಾದರೂ ಹೊರದೇಶದಲ್ಲಿರುವವರಿಗೆ ಮೇಲ್ಮನವಿ ಸಲ್ಲಿಸಲು 28 ದಿನಗಳ ಅವಕಾಶವಿದೆ ಎಂದು ಓದಿಟ್ಟುಕೊಂಡಿದ್ದು ಆಗ ಕೊಂಚ ಧೈರ್ಯ ಕೊಟ್ಟಿತು.

ತೀರ್ಮಾನವಾಗಿದೆ ಎಂಬ ಸಂದೇಶ ಬಂದಾಗ ಅದರಲ್ಲಿ ತೀರ್ಮಾನ ಏನೆಂದು ಇರಲಿಲ್ಲ. ಅವರು ಮತ್ತೆ ಬೆಂಗಳೂರಿಗೆ ಹೋಗಿ, ಲಕೋಟೆ ಒಡೆದು, ಪಾಸ್‌ಪೋರ್ಟಿನ ವೀಸಾ ಪುಟದ ಚಿತ್ರ ಕಳುಹಿಸಿದರು. ನಾನು ಆಸ್ಪತ್ರೆಯ ಔಷಧಿ ಕೋಣೆಯಲ್ಲಿ ನಿಂತು ಅತ್ತೆ. ನನ್ನ ಮೇಲ್ವಿಚಾರಕಿ ಬಂದು ಏನೂ ಕೇಳದೆ ನನ್ನ ರೋಗಿಗಳನ್ನು ಸ್ವಲ್ಪ ಹೊತ್ತು ತಾವೇ ನೋಡಿಕೊಂಡರು.

ಪಾಸ್‌ಪೋರ್ಟಿನಲ್ಲಿ ಅಂಟಿಸಿದ್ದ ಚೀಟಿ 90 ದಿನಗಳ ಪ್ರವೇಶಕ್ಕೆ ಮಾತ್ರವಿತ್ತು, ಅಷ್ಟರೊಳಗೆ ಇಲ್ಲಿಗೆ ಬರಬೇಕಿತ್ತು. ಪೂರ್ಣ ಅವಧಿಯ ಅನುಮತಿ ಇ-ವೀಸಾ ರೂಪದಲ್ಲಿ ಆನ್‌ಲೈನ್ ಖಾತೆಯಲ್ಲಿರುತ್ತದೆ. ಹಿಂದೆ ಕೊಡುತ್ತಿದ್ದ ಗುರುತಿನ ಕಾರ್ಡುಗಳು ಈಗಿಲ್ಲ. ಹೊರಡುವ ಮುನ್ನವೇ ಆ ಖಾತೆ ತೆರೆದು, ಹೆಸರು, ಹುಟ್ಟಿದ ದಿನ, ಅವಧಿ ಸರಿಯಾಗಿವೆಯೇ ಎಂದು ನೋಡಿ.

ಈಗ ಮುಂದಿನ ಹಂತದ ಕಡತ ತೆರೆದಿದ್ದೇನೆ. ಈ ವೀಸಾ ಮುಗಿಯುವ ಮುನ್ನ ಇನ್ನೂ ಎರಡೂವರೆ ವರ್ಷಕ್ಕೆ ವಿಸ್ತರಿಸಬೇಕು. ಆಗ ಇಂಗ್ಲಿಷ್ ಎ2 ಹಂತ ಬೇಕು, ಆದಾಯವನ್ನು ಮತ್ತೆ ತೋರಿಸಬೇಕು, ಮತ್ತು ಇಬ್ಬರೂ ಒಂದೇ ಮನೆಯಲ್ಲಿ ವಾಸಿಸಿದ್ದೇವೆ ಎಂಬುದಕ್ಕೆ ಬೇರೆ ಬೇರೆ ಮೂಲಗಳಿಂದ ಬಂದ, ಇಡೀ ಅವಧಿಗೆ ಹರಡಿರುವ ಪತ್ರಗಳನ್ನು ಕೊಡಬೇಕು. ಅದಕ್ಕಾಗಿ ಅವರು ಬಂದ ವಾರವೇ ವೈದ್ಯರ ಬಳಿ ಹೆಸರು ನೋಂದಾಯಿಸಿ, ಕೌನ್ಸಿಲ್ ತೆರಿಗೆಯ ಬಿಲ್ಲಿಗೂ ಬಾಡಿಗೆ ಕರಾರಿಗೂ ಅವರ ಹೆಸರು ಸೇರಿಸಲು ಬರೆದಿದ್ದೇವೆ. ಬ್ಯಾಂಕಿನ ಜಂಟಿ ಖಾತೆಗೆ ವಿಳಾಸದ ಪುರಾವೆ ಕೇಳಿದ್ದಾರೆ, ಕೌನ್ಸಿಲ್‌ನ ಹೊಸ ಬಿಲ್ಲು ಬಂದ ಕೂಡಲೇ ಅದನ್ನೂ ತೆರೆಯುತ್ತೇವೆ.